ಜೊಂಡಿನ ಮೇಲೆ ಮಂಗಳಮ್ಮ ಕೂಗಿದ ದಿನ

“ಜೊಂಡು ನೆಲಾನೂ ಅಲ್ಲ, ನೀರೂ ಅಲ್ಲ ಕಣವ್ವ. ಅದ್ರ ಮ್ಯಾಲೆ ಓಗೋರು ಮೊದ್ಲು ಅದ್ನ ತಿಳ್ಕಬೇಕು. ಅಸ್ರಾಗಿ ತಳತಳ ಅಂತದಲ್ಲ, ಅದ್ನ ನಂಬುದ್ರೆ ಕೆಟ್ಟೆ. ಅದು ಈ ಮಳೇಲಿ ಉಟ್ಟಿದ ಎಳೇ ಅಂತರಗಂಗೆ, ಕೋಳಿ ಕುಂತ್ರೂ ಮುಳುಗ್ತದೆ. ಎಲ್ಲಿ ಕಂದು ಬಣ್ಣಕ್ ತಿರುಗಿ ಒಣಗ್ದಂಗೆ ಕಾಣ್ತದೋ, ಎಲ್ಲಿ ಆಪಿನ ಉಲ್ಲು ಎದ್ದು ನಿಂತದೋ, ಅಲ್ಲಿ ಬೇರಿಗೆ ಬೇರು ಎಣ್ಕಂಡು ದಪ್ಪ ಚಾಪೆ ಆಗಿರ್ತದೆ. ಅಲ್ಲಿ ನಿಂತ್ರೆ ಕಾಲ್ ಕೆಳಗೆ ಎಮ್ಮೆ ಬೆನ್ನು ಇದ್ದಂಗೆ. ಒಸಿ ಅಲ್ಲಾಡ್ತದೆ, ಆದ್ರೆ ಬೀಳ್ಸಾಕಿಲ್ಲ. ಚಳಿಗಾಲ್ದಲ್ಲಿ ಕೊರವ ಮೀನು ಅದ್ರಡೀಲೇ ಬೆಚ್ಚಗೆ ಮನಗಿರ್ತದೆ. ಅದ್ಕೂ ಉಸ್ರು ಬೇಕು ನೋಡು, ನಮ್ಮಂಗೇಯ. ಕುಡ್ಲಲ್ಲಿ ಒಂದು ಕಂಡಿ ಕುಯ್ದು, ಗಾಳ ಇಳಿಬುಟ್ಟು ಸುಮ್ನೆ ಕುಂತಿದ್ರೆ ಉಸ್ರು ತಕ್ಕಳಾಕೆ ತಾನೇ ಮ್ಯಾಕೆ ಬತ್ತದೆ. ಸುಮ್ನೆ ಅಂದ್ರೆ ಸುಮ್ನೆ. ಕೆಮ್ಮಂಗಿಲ್ಲ, ಬಳೆ ಅಲ್ಲಾಡ್ಸಂಗಿಲ್ಲ, ಮಾತಂತೂ ಆಡಂಗೇ ಇಲ್ಲ. ನಮ್ಮತ್ತೆ ನನ್ಗೆ ಮೊದ್ಲು ಕಲ್ಸಿದ್ದು ಮೀನು ಇಡಿಯೋದಲ್ಲ, ಬಾಯಿ ಮುಚ್ಕಂಡಿರೋದು. ಅದ್ನ ಚೆಂದಾಗಿ ಕಲ್ತಿದ್ದೆ. ಒಸಿ ಜಾಸ್ತಿನೇ ಚೆಂದಾಗಿ ಕಲ್ತಿದ್ದೆ ಅಂತ ಆಮ್ಯಾಕ್ ಗೊತ್ತಾಯ್ತು.”

ಹೀಗೆ ಹೇಳುವಾಗ ಮಂಗಳಮ್ಮ ಅಂಗೈಯನ್ನು ಮಗುಚಿ, ಮೆಲ್ಲಗೆ ಕೆಳಕ್ಕೆ ಒತ್ತಿ, ಮತ್ತೆ ಮೇಲಕ್ಕೆ ಬಿಡುತ್ತಾಳೆ. ನೋಡುವವರ ಕಾಲಡಿಯೂ ಸ್ವಲ್ಪ ಅಲ್ಲಾಡಿದ ಹಾಗಾಗುತ್ತದೆ.

ಅವಳು ಹುಟ್ಟಿದ್ದು ಕವಲಂದೆಯಲ್ಲಿ. ಅಲ್ಲಿ ಅವಳ ತವರಿನವರಿಗೆ ಕೆರೆ ಎಂದರೆ ಎಮ್ಮೆ ಮೈ ತೊಳೆಯುವ ಜಾಗ, ಅಷ್ಟೆ. ಹದಿನಾರು ಎನ್ನುವ ಊರಿನಿಂದ ಒಳಕ್ಕೆ ಹೋಗುವ ದಾರಿಯ ಈ ಊರಿಗೆ ಪುಟ್ಟಬಸವಯ್ಯನ ಹೆಂಡತಿಯಾಗಿ ಬಂದ ಮೇಲೆಯೇ ಕೆರೆಯ ಮೇಲೆ ನಡೆಯುವ ಹೆಂಗಸರನ್ನು ಅವಳು ನೋಡಿದ್ದು. ಊರಿನ ಹಳೇಕೆರೆಯ ಪಡುವಣ ದಡಕ್ಕೆ ಅಂಟಿಕೊಂಡ ಹಾಗೆ, ಅವಳ ಅತ್ತೆಯ ಅತ್ತೆಯ ಕಾಲದಿಂದಲೂ ನೀರಿನ ಮೇಲೆ ತೇಲುವ ಒಂದು ದೊಡ್ಡ ಜೊಂಡು ಬೆಳೆದು ನಿಂತಿದೆ. ಕೆರೆಯನ್ನು ಹರಾಜಿನಲ್ಲಿ ಹಿಡಿದವರ ಬಲೆ ಅದರ ಅಡಿಗೆ ಹೋಗುವುದಿಲ್ಲ. ಹೋದರೆ ಬೇರಿಗೆ ಸಿಕ್ಕಿ ಹರಿಯುತ್ತದೆ. ಹಾಗಾಗಿ ಆ ಜೊಂಡಿನಡಿಯ ಮೀನು ಅವಳ ಬೀದಿಯ ಹೆಂಗಸರದು ಎಂದು ಯಾರೂ ಬರೆದುಕೊಡದ ಒಂದು ಒಪ್ಪಂದ ನಡೆದುಬಂದಿದೆ. ನಾಟಿ, ಕಳೆ, ಕಬ್ಬಿನ ಕೆಲಸ ಎಲ್ಲ ಮುಗಿದು ಚಳಿ ಬಿದ್ದಾಗ ಅವರು ಜೊಂಡು ಹತ್ತುತ್ತಿದ್ದರು. ಈಗ ಹತ್ತುವವರು ಇಬ್ಬರೇ. ಮಂಗಳಮ್ಮ ಮತ್ತು ಅವಳ ವಾರಗಿತ್ತಿ ಇಂದ್ರಾಣಿ. ಇಂದ್ರಾಣಿ ಬಿಳಿಗೆರೆ ಕಡೆಯವಳು, ಪುಟ್ಟಬಸವಯ್ಯನ ತಮ್ಮ ಮಲ್ಲಯ್ಯನ ಹೆಂಡತಿ.

ಒಬ್ಬಳೇ ಜೊಂಡು ಹತ್ತಬಾರದು ಎನ್ನುವುದು ಅತ್ತೆ ಹಾಕಿಕೊಟ್ಟ ಕಟ್ಟು. ಇಬ್ಬರಿರಬೇಕು, ಒಬ್ಬೊಬ್ಬರ ಕೈಯಲ್ಲೂ ಉದ್ದನೆಯ ಬಿದಿರು ಗಳ ಇರಬೇಕು. ಕಾಲು ಕುಸಿದರೆ ಗಳ ಅಡ್ಡಲಾಗಿ ಬಿದ್ದು ಆಳನ್ನು ಹಿಡಿದು ನಿಲ್ಲಿಸುತ್ತದೆ. ಮನೆ ಬಿಟ್ಟರೂ ಗಳ ಬಿಡಬೇಡ ಎಂದು ಮುದುಕಿ ಇಬ್ಬರು ಸೊಸೆಯರಿಗೂ ಹೇಳಿ ಹೇಳಿಯೇ ಸತ್ತಳು.

ಆದರೆ ಈ ಇಬ್ಬರಿಗೂ ಮಾತು ನಿಂತು ಹೋಗಿತ್ತು.

ಅದಕ್ಕೆ ಕಾರಣ ಇಷ್ಟೆ. ಇಂದ್ರಾಣಿಯ ಮಗಳು ಚೈತ್ರಳನ್ನು ನೋಡಲು ತಿರುಮಕೂಡಲು ಕಡೆಯಿಂದ ಗಂಡಿನವರು ಬಂದಿದ್ದರು. ಕಾಫಿ ಕೊಡುತ್ತಿದ್ದ ಮಂಗಳಮ್ಮ ಲೋಟ ಇಡುತ್ತಲೇ, ಹುಡುಗಿ ನರ್ಸಿಂಗ್ ಓದಬೇಕು ಅಂತಾಳೆ, ಮದುವೆಯಾದ ಮೇಲೆ ನೀವು ಓದಿಸುತ್ತೀರಾ ಎಂದು ಕೇಳಿಬಿಟ್ಟಳು. ಗಂಡಿನ ತಾಯಿ ಲೋಟವನ್ನು ಹಾಗೇ ಇಟ್ಟಳು. ಅವರು ಹೋದವರು ಮತ್ತೆ ಬರಲಿಲ್ಲ. ಚೈತ್ರ ಮೈಸೂರಿನಲ್ಲಿ ಕೋರ್ಸಿಗೆ ಸೇರಿದಳು. ಇಂದ್ರಾಣಿ ಅಂದಿನಿಂದ ಅಕ್ಕನ ಮುಖ ನೋಡುವುದನ್ನು ಬಿಟ್ಟಳು. ಗಂಡಿನವರು ಬರುವ ಹಿಂದಿನ ರಾತ್ರಿ ಚೈತ್ರಳೇ ದೊಡ್ಡಮ್ಮನ ಕೈ ಹಿಡಿದು, ನೀನೇ ಹೇಗಾದರೂ ಈ ಮಾತು ಎತ್ತು, ನಾನು ಕೇಳಿಕೊಂಡೆ ಅಂತ ಅವ್ವನಿಗೆ ಗೊತ್ತಾಗಬಾರದು ಎಂದು ಅತ್ತಿದ್ದಳು. ಅದನ್ನು ಮಂಗಳಮ್ಮ ಗಂಡನಿಗೂ ಹೇಳಲಿಲ್ಲ.

ಮಾತು ನಿಂತರೂ ಜೊಂಡು ನಿಲ್ಲಲಿಲ್ಲ. ಹೇಗೂ ಅದರ ಮೇಲೆ ಮಾತಾಡುವ ಹಾಗಿಲ್ಲವಲ್ಲ. ಬೆಳಗಾದರೆ ಒಬ್ಬಳು ಗಳ ಹಿಡಿದು ಹೊರಡುವಳು, ಇನ್ನೊಬ್ಬಳು ಅವಳ ಹಿಂದೆ ಸ್ವಲ್ಪ ದೂರ ಬಿಟ್ಟು ನಡೆಯುವಳು. ನೋಡಿದವರು, ಮುಂದಿನವಳು ದಾರಿ ತಪ್ಪಿಸಿಕೊಂಡಾಳು ಅಂತ ಹಿಂದಿನವಳು ಕಾವಲೋ ಎಂದು ನಗುತ್ತಿದ್ದರು.

ಆ ವರ್ಷ ಮಾರ್ಗಶಿರ ಮಾಸದಲ್ಲಿ, ಸಮುದ್ರದಲ್ಲಿ ಎದ್ದ ಚಂಡಮಾರುತದ ದೆಸೆಯಿಂದ ಕಾಲವಲ್ಲದ ಕಾಲದಲ್ಲಿ ಮಳೆ ಹಿಡಿದುಕೊಂಡಿತು. ಕೆರೆ ತುಂಬಿ ಕೋಡಿ ಬಿತ್ತು. ಮಳೆ ಬಿಟ್ಟ ಮಾರನೆಯ ಬೆಳಿಗ್ಗೆ ಎದುರಿಗಿದ್ದವರ ಮುಖ ಕಾಣದಷ್ಟು ಮಂಜು. ಮಂಗಳಮ್ಮ ಅಂಗಳಕ್ಕೆ ನೀರು ಹಾಕಲು ಬಂದವಳು ತಂಬಿಗೆ ಹಿಡಿದು ಹಾಗೇ ನಿಂತಳು. ಕೆರೆಯ ತೆಂಕಣ ತುದಿಯಿಂದ ಕೋಡಿಯ ಭೋರ್ಗರೆತ ಮನೆತನಕ ಕೇಳಿಸುತ್ತಿತ್ತು. ನೀರು ಏರಿದರೆ ಜೊಂಡೂ ಏರುತ್ತದೆ. ಏರಿದ ಜೊಂಡು ದಡದ ಹಿಡಿತ ಬಿಡುತ್ತದೆ. ಹಳೆಯ ಜೊಂಡಿಗೂ ಹೊಸದಾಗಿ ಬೆಳೆದು ಕೂಡಿಕೊಂಡ ಜೊಂಡಿಗೂ ನಡುವೆ ಒಂದು ಗೆರೆ ಇರುತ್ತದೆ. ಬಟ್ಟೆಯ ಹೊಲಿಗೆ ಬಿಟ್ಟ ಹಾಗೆ ಅದೂ ಬಿಟ್ಟುಕೊಳ್ಳಬಹುದು. ಇಂಥ ದಿನ ಅತ್ತೆ ಗಳವನ್ನು ಮುಟ್ಟುತ್ತಲೇ ಇರಲಿಲ್ಲ.

ಇವತ್ತು ಬೇಡ ಎಂದು ಅವಳು ತಿರುಗುವಷ್ಟರಲ್ಲಿ, ಮಂಜಿನೊಳಗೆ ಕೆಂಪು ಸ್ವೆಟರೊಂದು ಬೀದಿ ದಾಟಿತು. ಇಂದ್ರಾಣಿ. ಹೆಗಲ ಮೇಲೆ ಗಳ.

ಮಂಗಳಮ್ಮನ ಬಾಯಿಗೆ ಮಾತು ಬಂದೇಬಿಟ್ಟಿತ್ತು. ಮಳೆಯಲ್ಲಿ ಅಷ್ಟು ದಿನ ಮನೆಯಲ್ಲೇ ಕೂತು ಇಂದ್ರಾಣಿಗೆ ಬೇಜಾರಾಗಿರಬೇಕು, ಮಗಳು ಬರುವ ವಾರ ಬೇರೆ, ಮೀನು ಬೇಕಿರಬೇಕು ಎಂದೂ ಅನ್ನಿಸಿತು. ಬೇಡ ಕಣಮ್ಮಿ ಅಂದರೆ ಸಾಕಿತ್ತು. ಆದರೆ ಮೊದಲು ಮಾತಾಡಿದವಳು ಸೋತವಳು ಎನ್ನುವ ಲೆಕ್ಕ ಇಬ್ಬರ ನಡುವೆಯೂ ಇತ್ತು. ಅವಳನ್ನು ಒಬ್ಬಳೇ ಬಿಡುವ ಹಾಗೂ ಇರಲಿಲ್ಲ. ಮಂಗಳಮ್ಮ ತಂಬಿಗೆ ಇಟ್ಟು, ಸೆರಗು ಬಿಗಿದು, ಸೊಂಟಕ್ಕೆ ಕುಡುಗೋಲು ಸಿಕ್ಕಿಸಿ, ಗಳ ತೆಗೆದುಕೊಂಡು ಹಿಂದೆಯೇ ನಡೆದಳು.

ದಡದಲ್ಲಿ ಅವಳು ಗಳದಿಂದ ಜೊಂಡನ್ನು ಒತ್ತಿ ಒತ್ತಿ ನೋಡಿದಳು. ಎಂದಿಗಿಂತ ಹೆಚ್ಚು ತೂಗಿತು. ಇಂದ್ರಾಣಿ ಆಗಲೇ ಆಪಿನ ಹುಲ್ಲಿನ ಆಚೆ, ತನ್ನ ಮಾಮೂಲಿ ಜಾಗದಲ್ಲಿ ಕುಡುಗೋಲಿನಿಂದ ಕಂಡಿ ಕೊಯ್ಯುತ್ತಿದ್ದಳು. ಮಂಗಳಮ್ಮ ಅಷ್ಟು ದೂರ ಹೋಗದೆ ಈಚೆಯೇ ತನ್ನ ಹಳೆಯ ಕಂಡಿಯನ್ನು ಬಿಡಿಸಿಕೊಂಡು ಕೂತಳು. ಗಾಳ ಇಳಿಬಿಟ್ಟಳು. ಕೊಯ್ದ ಜೊಂಡಿನಿಂದ ಹಬೆಯ ಹಾಗೆ ಸಣ್ಣಗೆ ಬಿಸುಪು ಏಳುತ್ತಿತ್ತು. ಬೆರಳು ಮರಗಟ್ಟಿದ್ದವು. ಚಳಿಯಲ್ಲಿ ಮೀನು ಬಾಯಿ ಹಾಕುವುದು ಸುಸ್ತಾದವರು ಉಸಿರು ಬಿಟ್ಟ ಹಾಗೆ, ದಾರದ ಮೇಲೆ ಬೆರಳಿಟ್ಟೇ ಕೂತಿರಬೇಕು. ಆದರೂ ಅವಳ ಕಿವಿ ಮಾತ್ರ ಕೋಡಿಯ ಕಡೆಗಿತ್ತು.

ಹಾಗೆ ಎಷ್ಟು ಹೊತ್ತು ಕೂತಿದ್ದಳೋ. ತಲೆ ಎತ್ತಿ ನೋಡಿದರೆ ಇಂದ್ರಾಣಿಯ ಕೆಂಪು ಸ್ವೆಟರು ಮಸುಕಾಗಿತ್ತು. ಮಂಜು ದಟ್ಟವಾಯಿತು ಎಂದುಕೊಂಡಳು. ಮತ್ತೆ ನೋಡಿದಾಗ ಇನ್ನೂ ಮಸುಕು. ಆಗ ಅವಳ ಕಣ್ಣು ನಡುವಿನ ಆಪಿನ ಹುಲ್ಲಿನ ಮೇಲೆ ಬಿತ್ತು. ಅದರ ಒಂದೊಂದು ಗರಿಯೂ, ಗರಿಯ ತುದಿಯ ಹನಿಯೂ ಸ್ಪಷ್ಟವಾಗಿ ಕಾಣುತ್ತಿತ್ತು. ಅಂದರೆ ಮಂಜು ದಟ್ಟವಾಗಿರಲಿಲ್ಲ. ದೂರ ಹೋಗುತ್ತಿದ್ದದ್ದು ಇಂದ್ರಾಣಿ.

ಹುಲ್ಲಿನ ಬುಡದಲ್ಲಿ ಕಪ್ಪು ನೀರು ಒಂದು ಗೇಣು, ಆಮೇಲೆ ಒಂದು ಮಾರು.

ಮಂಗಳಮ್ಮ ದಾರ ಬಿಟ್ಟು ಗಳ ಹಿಡಿದಳು. ಆದರೂ ಬಾಯಿ ಬಿಡಲಿಲ್ಲ. ಇಷ್ಟು ಕಾಲ ಜೊಂಡಿನ ಮೇಲೆ ಒಂದು ಕೆಮ್ಮನ್ನೂ ಕೆಮ್ಮದ ಗಂಟಲು ಅದು. ಅವಳೇ ನೋಡಿಯಾಳು, ಈಗ ತಿರುಗಿಯಾಳು ಎಂದು ಕಾದಳು. ಇಂದ್ರಾಣಿ ಬೆನ್ನು ಹಾಕಿ ಕಂಡಿಯ ಮೇಲೆ ಬಗ್ಗಿ ಕೂತಿದ್ದಳು. ನೀರು ಇನ್ನೂ ಅಗಲವಾಯಿತು.

“ಇಂದ್ರಾಣೀ.”

ಇಂದ್ರಾಣಿ ಅಲ್ಲಾಡಲಿಲ್ಲ. ಅವಳ ದಾರ ಆಗಷ್ಟೇ ಜಗ್ಗಿತ್ತಂತೆ. ತನ್ನ ಮೀನು ಓಡಿಸಲಿಕ್ಕೆಂದೇ ಅಕ್ಕ ಕೂಗಿದಳು ಎಂದು ಹಲ್ಲು ಕಚ್ಚಿ ಕೂತಳಂತೆ. ಇದನ್ನು ಆಮೇಲೆ ಅವಳೇ ಹೇಳಿದಳು.

“ಅಮ್ಮೀ, ನಿನ್ ಮೀನು ಆಳಾಗೋಗ್ಲಿ, ತಿರುಗ್ ನೋಡು. ಜೊಂಡು ಕಿತ್ಕಂಡು ಓಯ್ತಾ ಅದೆ.”

ಈ ಸಲ ಇಂದ್ರಾಣಿ ತಿರುಗಿದಳು. ನೋಡಿದವಳೇ ಎದ್ದು ನಿಂತಳು. ಅವಳು ನಿಂತ ತುಂಡು ಒಂದು ಕಡೆಗೆ ವಾಲಿ, ನೀರು ಅವಳ ಪಾದಕ್ಕೆ ಬಂತು. ಅಂಚಿಗೆ ಬಂದು ಸೀರೆ ಮೇಲೆತ್ತಿಕೊಂಡಳು. ಹಾರುವ ಲೆಕ್ಕ ಅದು.

ಅಂಚು ಎಂದರೆ ಎಳೆಯ ಅಂತರಗಂಗೆ. ಹಾರಲು ಕಾಲೂರಿದರೇ ಕುಸಿಯುತ್ತದೆ. ಕುಸಿದವಳ ಕಾಲಿಗೆ ಕೆಳಗಿನ ಬೇರು ಸುತ್ತಿಕೊಂಡರೆ ಈಜು ಬಂದರೂ ಅಷ್ಟೆ, ಬರದಿದ್ದರೂ ಅಷ್ಟೆ. ಇಂದ್ರಾಣಿಗೆ ಬರುತ್ತಿರಲಿಲ್ಲ.

“ಆರ್ಬ್ಯಾಡ. ಕುಂತ್ಕ. ಕುಂತ್ಕಂಡು ಇಂದಕ್ಕೆ ಸರೀ, ನಡುಮಧ್ಯಕ್ಕೆ. ಗಳನ ಅಡ್ಡ ಆಕ್ಕಂಡು ಅದ್ರ ಮ್ಯಾಲೆ ಮನಿಕ್ಕ.”

ಇಂದ್ರಾಣಿ ಕೂತಳು. ಅವಳ ಮುಖ ಮಂಗಳಮ್ಮನಿಗೆ ಸರಿಯಾಗಿ ಕಂಡದ್ದು ಅಷ್ಟು ಹೊತ್ತೇ. ಆಮೇಲೆ ಮಂಜು ಅವಳನ್ನು ಮುಚ್ಚಿಕೊಂಡಿತು, ಸ್ವೆಟರಿನ ಕೆಂಪೂ ಉಳಿಯಲಿಲ್ಲ.

ತುಂಡು ಹೋಗುತ್ತಿದ್ದದ್ದು ಕೋಡಿಯ ಕಡೆಗೆ. ನೀರೆಲ್ಲ ಅತ್ತಲೇ ಎಳೆಯುತ್ತಿತ್ತು. ಕೋಡಿಯ ಮೇಲೆ ನೀರು ಮೊಣಕಾಲುದ್ದವಷ್ಟೆ, ಆದರೆ ಅದರ ಆಚೆ ಹಾಸುಗಲ್ಲುಗಳ ಮೇಲೆ ಧಡಧಡನೆ ಬೀಳುವ ಇಳಿಜಾರು. ಜೊಂಡಿನ ತುಂಡು ಅಲ್ಲಿಗೆ ಬಂದರೆ ಹರಿದು ಚಿಂದಿಯಾಗುತ್ತದೆ. ಮೇಲಿದ್ದವಳ ಗತಿಯೂ ಅದೇ.

ಮಂಗಳಮ್ಮ ದಡಕ್ಕೆ ಬರಬೇಕಿತ್ತು, ಆದರೆ ಜೊಂಡಿನ ಮೇಲೆ ಓಡುವ ಹಾಗಿಲ್ಲ. ಓಡಿದರೆ ತಾನೂ ಒಳಕ್ಕೆ. ಪಾದ ಅಡ್ಡಡ್ಡ ಇಟ್ಟು, ಗಳ ಊರಿ, ಅತ್ತೆ ಕಲಿಸಿದ ಹಾಗೇ ಒಂದೊಂದೇ ಹೆಜ್ಜೆ ಇಡುತ್ತ, ಬಾಯಿ ಮಾತ್ರ ನಿಲ್ಲಿಸದೆ ಕೂಗುತ್ತ ಬಂದಳು. ಕೂಗಿಗೆ ಉತ್ತರ ಬರುತ್ತಿದ್ದ ದಿಕ್ಕಿನಿಂದಲೇ ಇಂದ್ರಾಣಿ ಎಲ್ಲಿದ್ದಾಳೆ ಎಂದು ತಿಳಿಯಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಮಾತು ನಿಂತರೆ ಅವಳು ಹೆದರಿ ಎದ್ದಾಳು.

ದಡ ಸಿಕ್ಕಿದ್ದೇ ಕೆರೆಯ ಅಂಚು ಹಿಡಿದು ಕೋಡಿಯ ಕಡೆ ಓಡಿದಳು. ಓಡುತ್ತಲೇ ಹೇಳಿದಳು, ನೀನು ಕೊಯ್ದ ಕಂಡಿ ಇದೆಯಲ್ಲ, ಅದರೊಳಗೆ ಗಳ ಇಳಿಬಿಡು, ತಳದ ಮಣ್ಣಿಗೆ ಊರು, ಜೊಂಡು ಗೂಟಕ್ಕೆ ಕಟ್ಟಿದ ಹಾಗೆ ನಿಲ್ಲುತ್ತದೆ ಎಂದು.

 ಮಂಜಿನೊಳಗಿಂದ ಉತ್ತರ ಬಂತು.

“ತಳ ಸಿಗ್ತಿಲ್ಲ ಅಕ್ಕ.”

ಅಕ್ಕ ಎನ್ನುವ ಮಾತು ಕಿವಿಗೆ ಬಿದ್ದರೂ ಮಂಗಳಮ್ಮನಿಗೆ ಆಗ ಅದು ತಟ್ಟಲಿಲ್ಲ. ನಡುಗೆರೆ ಆಳ, ಅಲ್ಲಿ ಯಾರ ಗಳವೂ ಮುಟ್ಟುವುದಿಲ್ಲ. ಕೋಡಿ ಹತ್ತಿರವಾದ ಹಾಗೆ ನೆಲ ಮೇಲೆ ಬರುತ್ತದೆ. ಅಷ್ಟರಲ್ಲಿ ಊರಿದರೆ ಊರಿದ ಹಾಗೆ, ಇಲ್ಲದಿದ್ದರೆ ಇಲ್ಲ.

“ಸಿಗ್ತದೆ. ಎತ್ತಿ ಎತ್ತಿ ಊರ್ತಾ ಇರು. ನಿಲ್ಲುಸ್ಬ್ಯಾಡ.”

“ಕೈ ಮರಗಟ್ಟದೆ.”

“ಮರಗಟ್ಲಿ. ಕೈ ನಿಂದೇ ತಾನೆ, ಎಲ್ಲೂ ಓಗಾಕಿಲ್ಲ.”

ಮತ್ತೆ ಅದೇ ಮಾತು ಬಂತು, ತಳ ಸಿಗುತ್ತಿಲ್ಲ. ಮತ್ತೊಂದು ಸಲ. ದನಿ ಒಮ್ಮೆ ಎಡಕ್ಕೆ, ಒಮ್ಮೆ ಹಿಂದೆ ಕೇಳಿಸಿತು. ಕೋಡಿಯ ಸದ್ದು ಹೆಚ್ಚಿ ಹೆಚ್ಚಿ ಅವಳ ಮಾತನ್ನು ನುಂಗತೊಡಗಿತು. ಆಗ ಇಂದ್ರಾಣಿಯ ದನಿಯೇ ಬದಲಾಯಿತು, ಅಳುವ ಹಾಗೆ.

“ಬೆಳಿಗ್ಗೆ ನಾ ಒಂಟಾಗ ಓಗ್ಬ್ಯಾಡ ಅಂತ ಯಾಕೆ ಏಳ್ಲಿಲ್ಲ ನೀನು?”

“ಏಳಿದ್ರೆ ನಿಲ್ತಿದ್ಯಾ?”



“ನಿಲ್ತಿರ್ಲಿಲ್ಲ.”

“ಊರು, ಊರು.”

“ಅವತ್ತು ಬಂದೋರ್ ಮುಂದೆ ಆ ಮಾತು ಯಾಕೆ ಆಡ್ದೆ? ಅದೊಂದು ಏಳ್ಬುಡು.”

ಹೇಳಿಬಿಡಬಹುದಿತ್ತು. ನಿನ್ನ ಮಗಳೇ ಕೈ ಹಿಡಿದು ಕೇಳಿಕೊಂಡಳು ಎಂದರೆ ಮುಗಿಯಿತು. ಮಂಗಳಮ್ಮನ ನಾಲಗೆಯ ತುದಿಗೆ ಬಂದಿತ್ತು. ಆದರೆ ಈ ಹೊತ್ತಿನಲ್ಲಿ ಅದನ್ನು ಕೇಳಿ ಅವಳ ಕೈ ಸಡಿಲವಾದರೆ? ಚೈತ್ರಳಿಗೆ ಕೊಟ್ಟ ಮಾತು ಬೇರೆ.

“ಮೊದ್ಲು ಗಳ ಊರು. ಜಗಳ ದಡದ ಮ್ಯಾಲೆ.”

ಏರಿಯ ಮೇಲೆ ಟಿವಿಎಸ್ ಗಾಡಿಯೊಂದು ನಿಂತ ಸದ್ದಾಯಿತು. ಮಹಾದೇವಸ್ವಾಮಿ, ಮೇಲಿನ ಬೀದಿಯ ರೈತ, ಡೇರಿಗೆ ಹಾಲು ಹಾಕಿ ಬರುತ್ತಿದ್ದ. ಖಾಲಿ ಕ್ಯಾನು, ಹುಲ್ಲಿನ ಹೊರೆ ಕಟ್ಟುವ ಉದ್ದನೆಯ ಹಗ್ಗ ಗಾಡಿಯ ಹಿಂದೆ ಇದ್ದವು. ಮಂಗಳಮ್ಮ ಎರಡು ಮಾತಿನಲ್ಲಿ ಹೇಳಿದಳು. ಅವನು ಕೇಳುತ್ತ ನಿಲ್ಲದೆ ಹಗ್ಗ ಬಿಚ್ಚಿ, ಕ್ಯಾನಿನ ಮುಚ್ಚಳ ಬಿಗಿದು, ಹಿಡಿಗೆ ಗಂಟು ಹಾಕತೊಡಗಿದ. ಇಬ್ಬರೂ ಕೋಡಿಯ ಕಲ್ಲುಗಳ ಮೇಲೆ ಇಳಿದರು. ಪಾಚಿ ಕಾಲು ಜಾರಿಸುತ್ತಿತ್ತು. ನೀರು ಮೊಣಕಾಲನ್ನು ಹಿಂದಕ್ಕೆ ತಳ್ಳುವವರ ಹಾಗೆ ತಳ್ಳುತ್ತಿತ್ತು.

ಆಗ ಮಂಜಿನಲ್ಲಿ ಒಂದು ಕಂದು ಬಣ್ಣದ ರಾಶಿ ಮೂಡಿತು. ಮೆಲ್ಲಗೆ ತಿರುಗುತ್ತ ತಮ್ಮ ಕಡೆಗೇ ಬರುತ್ತಿತ್ತು. ಅದರ ಮೇಲೆ ಇಂದ್ರಾಣಿ ಮೊಣಕಾಲೂರಿ, ಗಳವನ್ನು ಎರಡು ಕೈಯಲ್ಲಿ ಎತ್ತಿ ಎತ್ತಿ ಕಂಡಿಯೊಳಗೆ ಕುಟ್ಟುತ್ತಿದ್ದಳು, ಒನಕೆ ಹಿಡಿದು ಭತ್ತ ಕುಟ್ಟುವವಳ ಹಾಗೆ.

“ಸಿಕ್ತು,” ಎಂದಳು.

ಗಳ ವಾಲಿತು. ಇಂದ್ರಾಣಿ ಅದನ್ನು ಎದೆಗೆ ಅವುಚಿಕೊಂಡು ಮೈಭಾರವನ್ನೆಲ್ಲ ಹಾಕಿದಳು. ಜೊಂಡು ಗಳದ ಸುತ್ತ ಒಂದು ಸುತ್ತು ತಿರುಗಿ, ಜಗ್ಗಿ, ನಿಂತಿತು. ನಿಂತದ್ದೇ ಅಂಚಿನಿಂದ ಕಿತ್ತುಕೊಳ್ಳತೊಡಗಿತು. ಚಾಪೆ ಹರಿದ ಹಾಗೆ ಒಂದೊಂದೇ ತುಂಡು ಕಳಚಿ, ಮಂಗಳಮ್ಮನ ಕಾಲಿಗೆ ತಾಗಿ, ಕೋಡಿ ದಾಟಿ ಕೆಳಕ್ಕೆ ಹೋಯಿತು.

ಮಹಾದೇವಸ್ವಾಮಿ ಕ್ಯಾನು ಬೀಸಿ ಎಸೆದ. ಅರ್ಧಕ್ಕೇ ಬಿದ್ದು ನೀರು ವಾಪಸು ತಂದಿತು. ಎರಡನೆಯ ಸಲ ಜೊಂಡಿನ ಮೇಲೆ ಬಿದ್ದು ಜಾರಿತು. ಮತ್ತೆ ಎಸೆದಾಗ ಇಂದ್ರಾಣಿಯ ಕೈಗೆ ಹಗ್ಗ ಸಿಕ್ಕಿತು. ಒಂದು ಕೈಯಲ್ಲಿ ಗಳ, ಒಂದು ಕೈಯಲ್ಲಿ ಹಗ್ಗ. ಹಗ್ಗವನ್ನು ಕಂಕುಳಡಿಗೆ ಸುತ್ತಿಕೊಳ್ಳುವಂತೆ ಮಹಾದೇವಸ್ವಾಮಿ ಕೂಗಿ ಹೇಳಿದ. ಅದಕ್ಕೆ ಎರಡು ಕೈಯೂ ಬೇಕು. ಅವಳು ಗಳ ಬಿಡಲೊಲ್ಲಳು. ಬೆರಳು ಬಿಚ್ಚುತ್ತಲೇ ಇರಲಿಲ್ಲ. ಬಿಟ್ಟರೆ ಜೊಂಡು ಹೊರಡುತ್ತದೆ, ಬಿಡದಿದ್ದರೆ ಕಾಲಡಿಯ ತುಂಡೂ ಹರಿಯುತ್ತದೆ.

ಮಂಗಳಮ್ಮ ಇನ್ನೆರಡು ಹೆಜ್ಜೆ ಮುಂದಕ್ಕೆ ಹೋದಳು. ನೀರು ಸೊಂಟಕ್ಕೆ ಬಂತು. ಈಗ ಕೂಗಲಿಲ್ಲ, ಮನೆಯೊಳಗೆ ಮಾತಾಡುವ ದನಿಯಲ್ಲೇ ಹೇಳಿದಳು.

“ಗಳ ಬುಡು ಇಂದ್ರಾ.”

“ಅತ್ತೆ ಬುಡ್ಬ್ಯಾಡ ಅಂದವ್ರೆ.”

“ಅತ್ತೆ ಇಲ್ಲ ಈಗ. ನಾನ್ ಇವ್ನಿ. ಬುಡು.”

ಇಂದ್ರಾಣಿ ಅವಳ ಮುಖವನ್ನೇ ನೋಡಿದಳು. ಬಿಟ್ಟಳು. ಹಗ್ಗ ಸುತ್ತಿಕೊಂಡಳೋ ಇಲ್ಲವೋ, ಜೊಂಡು ಅಡಿಯಿಂದ ಸರಿದು ಅವಳು ಕುತ್ತಿಗೆಯ ತನಕ ನೀರಿಗೆ ಹೋದಳು. ಮಹಾದೇವಸ್ವಾಮಿ ಹಗ್ಗ ಎಳೆದ. ಬೇರುಗಳು ಅವಳ ಕಾಲನ್ನು ಹಿಡಿದುಕೊಂಡು ಬಂದವು. ಮಂಗಳಮ್ಮನ ಕೈಗೆ ಮೊದಲು ಸ್ವೆಟರಿನ ತೋಳು, ಆಮೇಲೆ ರಟ್ಟೆ ಸಿಕ್ಕಿತು. ಸೊಂಟಕ್ಕೆ ಸಿಕ್ಕಿಸಿದ್ದ ಕುಡುಗೋಲನ್ನು ತೆಗೆದು ಕಾಲಿಗೆ ಸುತ್ತಿದ ಬೇರು ಕೊಯ್ದಳು. ಮೂವರೂ ಕಲ್ಲಿನ ಮೇಲೆ ಬಿದ್ದರು. ಅವರ ಪಕ್ಕದಲ್ಲೇ ಜೊಂಡು ಕೋಡಿಯ ಮೇಲೇರಿ, ನಡುವೆ ಎರಡಾಗಿ, ಸದ್ದೇ ಇಲ್ಲದ ಹಾಗೆ ಆಚೆಗೆ ಇಳಿಯಿತು. ಅದರ ಹಿಂದೆ ಗಳವೂ ಹೋಯಿತು.

 ಇಂದ್ರಾಣಿಯ ಹಲ್ಲು ಕಟಕಟ ಎನ್ನುತ್ತಿತ್ತು. ಮಹಾದೇವಸ್ವಾಮಿ ಹಗ್ಗ ಸುತ್ತಿಕೊಳ್ಳುತ್ತ ಅಂದ.

“ಏರಿ ಮ್ಯಾಲೆ ಬತ್ತಿದ್ದೆ. ನೀವಿಬ್ರೂ ಮಾತಾಡ್ತಿರೋದು ಕೇಳ್ತು. ಅಯ್ಯೋ ಏನೋ ದೊಡ್ಡ ಅನಾವುತ ಆಗದೆ ಅಂತ್ಲೇ ಗಾಡಿ ನಿಲ್ಲಿಸ್ದೆ ಕಣಮ್ಮ.”

ಮಂಗಳಮ್ಮನಿಗೆ ನಗು ಬಂತು.  ಇಂದ್ರಾಣಿ ನಗಲಿಲ್ಲ, ಆದರೆ ಅಕ್ಕನ ಒದ್ದೆ ಸೆರಗನ್ನು ಹಿಡಿದುಕೊಂಡವಳು ಮನೆ ಬರುವತನಕ ಬಿಡಲಿಲ್ಲ.

ಮಂಗಳಮ್ಮ ಅವಳನ್ನು ತನ್ನ ಒಲೆಯ ಮುಂದೆ ಕೂರಿಸಿ, ತನ್ನದೇ ಒಣ ಸೀರೆ ಕೊಟ್ಟು, ಬೆಲ್ಲದ ಕಾಫಿ ಕಾಯಿಸಿದಳು. ಲೋಟ ಹಿಡಿದ ಇಂದ್ರಾಣಿ ಬೆಂಕಿ ನೋಡುತ್ತಲೇ ಮತ್ತೆ ಕೇಳಿದಳು, ದಡ ಬಂತಲ್ಲ, ಈಗ ಹೇಳು, ಆ ಮಾತು ಯಾಕೆ ಆಡಿದೆ ಎಂದು.

ಮಂಗಳಮ್ಮ ಸೌದೆ ಮುಂದಕ್ಕೆ ತಳ್ಳಿದಳು.

“ನನ್ ಬಾಯಿ ತಡೀಲಿಲ್ಲ ಅಂತ್ಲೇ ತಿಳ್ಕಮ್ಮಿ.”

ಇಂದ್ರಾಣಿ ಅವಳನ್ನು ಓರೆಗಣ್ಣಿನಲ್ಲಿ ನೋಡಿದಳು. ಜೊಂಡಿನ ಮೇಲೆ ಸಾಯುವ ಹೊತ್ತಿನಲ್ಲೂ ಬಾಯಿ ಬಿಡಲು ತಡ ಮಾಡಿದವಳು ಹೇಳುವ ಮಾತೇ ಇದು ಎಂದು ಅವಳಿಗೆ ಅನ್ನಿಸಿರಬೇಕು. ಇನ್ನೇನೋ ಕೇಳುವವಳಿದ್ದಳು.

ಬೀದಿಯಲ್ಲಿ ಯಾರೋ ನಲ್ಲಿ ಬಂತು ಎಂದರು. ಈಗ ಹಿಡಿಯದಿದ್ದರೆ ನಾಳೆ ಬೆಳಗಿನ ತನಕ ನೀರಿಲ್ಲ. ಮಂಗಳಮ್ಮ ಎದ್ದು ಎರಡು ಕೊಡ ತೆಗೆದುಕೊಂಡಳು. ಬಾಗಿಲ ಹತ್ತಿರ ನಿಂತು, ನಿಮ್ಮ ಮನೆ ಕೊಡ ಎಲ್ಲಿದೆ ಎಂದು ಕೇಳಿದಳು. ಹಿತ್ತಲಲ್ಲಿ ಬೋರಲಾಗಿದೆ ಎಂದಳು ಇಂದ್ರಾಣಿ. ಮಂಗಳಮ್ಮ ಆ ಮನೆಯ ಹಿತ್ತಲಿಗೆ ಹೋಗಿ ಅದನ್ನೂ ತಂದು, ಹುಣಸೆಹಣ್ಣು ಹಚ್ಚಿ ಉಜ್ಜಿ, ಸಾಲಿನಲ್ಲಿ ಇಟ್ಟಳು. ನೀರು ಸಣ್ಣಗೆ ಬರುತ್ತಿತ್ತು. ಮುಂದಿನವರ ಬಿಂದಿಗೆ ತುಂಬಿದ ಮೇಲೆ ಮೊದಲು ಇಂದ್ರಾಣಿಯ ಕೊಡವನ್ನು ನಲ್ಲಿಯಡಿಗೆ ತಳ್ಳಿ, ಕುತ್ತಿಗೆಯ ತನಕ ಬರುವುದನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತಳು.